ಹೊಳೆಗೆ ಅಡ್ಡಲಾಗಿ ಉಕ್ಕಿನ ಹಾದಿ: ಬೆಯ್ಲಿ ಸೇತುವೆ



2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡು ಜಿಲ್ಲೆಯ ಮುಂಡಕ್ಕೈ ಹಾಗೂ ಚೂರಲ್‌ಮಲೆ ಪ್ರದೇಶಗಳ ಮೇಲೆ ಬೆಟ್ಟದ ಒಂದು ಭಾಗವೇ ಕುಸಿದು ಹರಿದು ಬಂದಿತು. ಮಲಗಿದ್ದ ಜನ ಏಳುವಷ್ಟರಲ್ಲಿ ಮನೆಗಳು ಕೆಸರಿನಡಿ ಸೇರಿದ್ದವು. ಇನ್ನೂರಕ್ಕೂ ಹೆಚ್ಚು ಜನರ ಪ್ರಾಣ ಹೋಯಿತು. ಅನೇಕರ ಶವಗಳು ಬಹುದೂರದ ನಿಲಂಬೂರಿನ ಬಳಿ ಚಾಲಿಯಾರ್ ನದಿಯಲ್ಲಿ ದೊರೆತವು. ಚೂರಲ್‌ಮಲೆಯಿಂದ ಮುಂಡಕ್ಕೈಗೆ ಹೋಗುವ ರಸ್ತೆಯ ಸೇತುವೆಯೂ ಆ ಪ್ರವಾಹದಲ್ಲಿ ಕೊಚ್ಚಿಹೋಯಿತು. ರಕ್ಷಣಾ ಸಿಬ್ಬಂದಿಯವರು ಹಗ್ಗ ಹಿಡಿದು ಹೊಳೆ ದಾಟಬಹುದಾಗಿತ್ತು, ದಾಟಿದರು ಕೂಡ. ಆದರೆ ಬಂಡೆಗಳನ್ನೂ ಮರದ ದಿಮ್ಮಿಗಳನ್ನೂ ಸರಿಸಿ ಅವಶೇಷಗಳಡಿ ಹುಡುಕಬೇಕಾದರೆ ಮಣ್ಣು ಅಗೆಯುವ ಭಾರೀ ಯಂತ್ರಗಳು ಬೇಕು. ಯಂತ್ರಗಳು ಹಗ್ಗ ಹಿಡಿದು ಬರುವುದಿಲ್ಲ.

ಈ ಕಾರ್ಯವನ್ನು ವಹಿಸಿಕೊಂಡದ್ದು ಭೂಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್. 1780ರಷ್ಟು ಹಿಂದಿನ ಮೂಲವುಳ್ಳ ಈ ದಳದ ಹೆಸರು ಮದ್ರಾಸಿನದಾದರೂ ಮನೆ ಬೆಂಗಳೂರಿನ ಹಲಸೂರು ಕೆರೆಯ ದಂಡೆ. ಸೇತುವೆಯ ಬಿಡಿಭಾಗಗಳು ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ ಬಂದು ಅಲ್ಲಿಂದ ಲಾರಿಗಳಲ್ಲಿ ಘಟ್ಟವನ್ನೇರಿದವು. ಬೆಂಗಳೂರಿನಿಂದಲೂ ಸಾಮಗ್ರಿ ರಸ್ತೆಯ ಮೂಲಕ ತಲುಪಿತು.

ಇದು ಬೆಯ್ಲಿ ಸೇತುವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೆಯ್ಲಿ ಎಂಬ ಬ್ರಿಟಿಷ್ ಇಂಜಿನಿಯರು ರೂಪಿಸಿದ ಈ ಪದ್ಧತಿಯ ಗುಟ್ಟು ಅತಿ ಸರಳ. ಸೇತುವೆಯ ಮುಖ್ಯ ಅಂಗವೆಂದರೆ 10 ಅಡಿ ಉದ್ದ, ಸುಮಾರು 5 ಅಡಿ ಎತ್ತರದ ಉಕ್ಕಿನ ಜಾಲರಿ ಚೌಕಟ್ಟು. ಅದರ ತೂಕ ಸುಮಾರು 260 ಕಿಲೋಗ್ರಾಂ; ಆರು ಮಂದಿ ಹೊರಬಲ್ಲಷ್ಟು. ಎಲ್ಲ ಚೌಕಟ್ಟುಗಳ ಅಳತೆಯೂ ಒಂದೇ ಆದ್ದರಿಂದ ಯಾವುದನ್ನು ಯಾವುದಕ್ಕೆ ಬೇಕಾದರೂ ಸೇರಿಸಿ ಉಕ್ಕಿನ ಗೂಟ ಹೊಡೆಯಬಹುದು. ಹೆಚ್ಚಿನ ಭಾರ ಸಾಗಬೇಕಾದಲ್ಲಿ ಪಕ್ಕಪಕ್ಕದಲ್ಲಿ ಎರಡು ಮೂರು ಸಾಲು ನಿಲ್ಲಿಸಬಹುದು, ಒಂದರ ಮೇಲೊಂದು ಏರಿಸಲೂಬಹುದು. ಸ್ಥಳದಲ್ಲಿ ಬೆಸುಗೆ ಹಾಕುವ ಗೋಜಿಲ್ಲ, ಕಾಂಕ್ರೀಟು ಒಣಗಲೆಂದು ಕಾಯುವ ಕಾಲಹರಣವೂ ಇಲ್ಲ. ಎರಡೂ ಬದಿಯ ಚೌಕಟ್ಟುಗಳ ನಡುವೆ ಅಡ್ಡತೊಲೆಗಳು, ಅವುಗಳ ಮೇಲೆ ಉದ್ದತೊಲೆಗಳು, ಅದರ ಮೇಲೆ ಹಾಸು. ರಸ್ತೆ ಸಿದ್ಧ.

ಕಷ್ಟವಿರುವುದು ಜೋಡಿಸಿದ ಸೇತುವೆಯನ್ನು ಆಚೆ ದಡಕ್ಕೆ ಮುಟ್ಟಿಸುವುದರಲ್ಲಿ. ಜಗುಲಿಯ ಅಂಚಿನಿಂದ ಒಂದು ಹಲಗೆಯನ್ನು ಹೊರಕ್ಕೆ ತಳ್ಳುತ್ತ ಹೋದರೆ ಅರ್ಧ ದಾಟಿದೊಡನೆ ಅದು ಮಗುಚಿಕೊಳ್ಳುತ್ತದೆಯಷ್ಟೆ. ಸೇತುವೆಗೂ ಅದೇ ನಿಯಮ. ಆದುದರಿಂದ ಈಚೆ ದಡದಲ್ಲಿ ಉರುಳೆಗಳನ್ನಿಟ್ಟು, ಸೇತುವೆಯ ಮುಂಭಾಗಕ್ಕೆ ಹಾಸಿಲ್ಲದ ಹಗುರವಾದ ಚೌಕಟ್ಟುಗಳ ಒಂದು ‘ಮೂಗ’ನ್ನು ಜೋಡಿಸುತ್ತಾರೆ. ಹಿಂದೆ ಭಾರ, ಮುಂದೆ ಹಗುರ. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತ, ಹಿಂಬದಿಗೆ ಹೊಸ ಚೌಕಟ್ಟುಗಳನ್ನು ಸೇರಿಸುತ್ತ, ಇಡೀ ಸೇತುವೆಯನ್ನು ಇಷ್ಟಿಷ್ಟಾಗಿ ಮುಂದಕ್ಕೆ ತಳ್ಳಲಾಗುತ್ತದೆ. ಚಾಚಿದ ತುದಿ ತನ್ನ ಭಾರಕ್ಕೇ ಬಾಗುವುದರಿಂದ ಮೂಗನ್ನು ಮೊದಲೇ ತುಸು ಮೇಲ್ಮುಖವಾಗಿ ಇಟ್ಟಿರುತ್ತಾರೆ. ಆಚೆ ದಡ ಮುಟ್ಟಿದ ಬಳಿಕ ಮೂಗನ್ನು ಕಳಚಿ, ಜಾಕುಗಳ ಸಹಾಯದಿಂದ ಸೇತುವೆಯನ್ನು ಅದರ ಪೀಠದ ಮೇಲೆ ಇಳಿಸುತ್ತಾರೆ.

ಚೂರಲ್‌ಮಲೆಯಲ್ಲಿ ಬೇಕಾಗಿದ್ದುದು 190 ಅಡಿ ಉದ್ದದ, 24 ಟನ್ ವರ್ಗದ ಸೇತುವೆ. 10 ಅಡಿಯ ಚೌಕಟ್ಟಿನ ಲೆಕ್ಕದಲ್ಲಿ ಒಂದೊಂದು ಸಾಲಿಗೆ 19. ಉದ್ದ ಹೆಚ್ಚಾದುದರಿಂದ ಹೊಳೆಯ ಮಧ್ಯದಲ್ಲಿ ಆಧಾರವೊಂದನ್ನು ನಿಲ್ಲಿಸಲಾಯಿತು. ಮಳೆ ಪೂರ್ತಿ ಬಿಟ್ಟಿರಲಿಲ್ಲ, ಸಾಮಗ್ರಿ ಇಳಿಸಲು ಸ್ಥಳ ಸಾಲದು, ಸುತ್ತಲೂ ಬುಡಮೇಲಾದ ಮರಗಳು. ಜುಲೈ 31ರ ರಾತ್ರಿ ಆರಂಭವಾದ ಜೋಡಣೆ ಮರುದಿನ ಸಂಜೆಗೆ ಮುಗಿಯಿತು. ತಂಡದ ನೇತೃತ್ವ ವಹಿಸಿದ್ದವರಲ್ಲಿ ಮೇಜರ್ ಸೀತಾ ಶೆಳ್ಕೆಯವರ ಹೆಸರು ಪತ್ರಿಕೆಗಳಲ್ಲಿ ಬಹುವಾಗಿ ಕಾಣಿಸಿತು. ರಾತ್ರಿಯಿಡೀ ಚೌಕಟ್ಟು ಹೊತ್ತವರ ಹೆಸರುಗಳು ಬಹುತೇಕ ಕಾಣಿಸಲಿಲ್ಲ. ಮೊದಲು ಸೇನೆಯ ವಾಹನಗಳೇ ಸೇತುವೆಯ ಮೇಲೆ ಸಾಗಿ ಅದರ ದೃಢತೆಯನ್ನು ಪರೀಕ್ಷಿಸಿದವು. ಅನಂತರ ಮುಂಡಕ್ಕೈ ಕಡೆಗೆ ಯಂತ್ರಗಳೂ ಆಂಬುಲೆನ್ಸುಗಳೂ ಸಾಗಿದವು. ಶಾಶ್ವತ ಸೇತುವೆ ನಿರ್ಮಾಣವಾಗುವವರೆಗೆ ಇದನ್ನು ಅಲ್ಲಿಯೇ ಉಳಿಸುವುದಾಗಿ ಸೇನೆ ತಿಳಿಸಿತು.

24 ಟನ್ ವರ್ಗ ಎಂಬ ಮಾತನ್ನು ಕೇಳುವವರು ಹಗುರವಾಗಿ ತೆಗೆದುಕೊಳ್ಳುವುದುಂಟು. ಇಂತಹ ಸೇತುವೆಗಳ ಮುಂದೆ ಭಾರದ ಮಿತಿಯನ್ನೂ, ಒಂದು ಸಲಕ್ಕೆ ಒಂದೇ ವಾಹನವೆಂಬ ಸೂಚನೆಯನ್ನೂ ಬರೆದಿರುವುದು ಅಲಂಕಾರಕ್ಕಲ್ಲ. 2020ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಮುನ್ಸಿಯಾರಿ–ಮಿಲಮ್ ರಸ್ತೆಯ ಬೆಯ್ಲಿ ಸೇತುವೆಯೊಂದರ ಮೇಲೆ ಅಗೆಯುವ ಯಂತ್ರವನ್ನು ಹೊತ್ತ ಭಾರೀ ಲಾರಿಯೊಂದು ಏರಿತು. ಲಾರಿ, ಯಂತ್ರ, ಸೇತುವೆ ಮೂರೂ ಹಳ್ಳಕ್ಕೆ ಬಿದ್ದವು; ಗಡಿಯತ್ತ ಇದ್ದ ಗ್ರಾಮಗಳ ಸಂಪರ್ಕ ಕಡಿದುಹೋಯಿತು. ಗಡಿ ರಸ್ತೆಗಳ ಸಂಸ್ಥೆಯವರು ಅದೇ ಹಳ್ಳದ ಮೇಲೆ, ಅದೇ ಬಗೆಯ ಚೌಕಟ್ಟುಗಳಿಂದ, ಒಂದು ವಾರದೊಳಗೆ ಹೊಸ ಸೇತುವೆಯನ್ನು ನಿಲ್ಲಿಸಿದರು.