57ಡಿ/1: ಗೊರೂರನ್ನು ಹುಡುಕುವ ಮರ

ಸರ್ವೇ ಆಫ್ ಇಂಡಿಯಾದ ಹಳೆಯ ಟೋಪೋಶೀಟು ಎಂಬ ನಕ್ಷೆಹಾಳೆಗಳ ರಾಶಿಯಲ್ಲಿ ಹಾಸನ ಜಿಲ್ಲೆಯ ಗೊರೂರು ಬೇಕೆಂದವರು 57ಡಿ/1 ಹಾಳೆ ತೆಗೆಯುತ್ತಾರೆ. ದಾರಿಯೆಲ್ಲ ಆ ಹೆಸರಿನಲ್ಲೇ ಇದೆ. 57 ಅಂದರೆ ಉದ್ದಗಲ ನಾಲ್ಕು ಡಿಗ್ರಿಯ ಚೌಕ. ಅದನ್ನು ಹದಿನಾರು ಪಾಲು ಮಾಡಿ ಎ ಇಂದ ಪಿ ತನಕ ಅಕ್ಷರ ಕೊಟ್ಟರು. ಡಿ ಪಾಲನ್ನು ಮತ್ತೆ ಹದಿನಾರು ಮಾಡಿದಾಗ ಮೊದಲನೆಯದರಲ್ಲಿ ಗೊರೂರು, ಐದನೆಯದರಲ್ಲಿ ಚನ್ನರಾಯಪಟ್ಟಣ. ದೇಶವಿಡೀ ತಡಕುವ ಕೆಲಸ ಮೂರೇ ಹೆಜ್ಜೆಗೆ ಮುಗಿಯಿತು.

ಕಂಪ್ಯೂಟರಿನವರು ಜಾಗವನ್ನು ಇನ್ನೂ ಜಾಣತನದಿಂದ ಹಂಚಿದರು. 1974ರಲ್ಲಿ ರಾಫೆಲ್ ಫಿಂಕೆಲ್ ಮತ್ತು ಜಾನ್ ಬೆಂಟ್ಲಿ ಕ್ವಾಡ್‌ಟ್ರೀ ಎಂಬ, ಮಾಹಿತಿಯನ್ನು ಕವಲುಗಳಲ್ಲಿ ಜೋಡಿಸುವ ಮರವನ್ನು ಪ್ರಕಟಿಸಿದರು. ಅದರಲ್ಲಿ ಊರು ಇದ್ದಲ್ಲೇ ಜಾಗ ನಾಲ್ಕಾಗಿ ಒಡೆಯುತ್ತದೆ. ಊರುಗಳು ಒತ್ತಾಗಿದ್ದಲ್ಲಿ ಕವಲು ಹೆಚ್ಚು, ಬಯಲಿದ್ದಲ್ಲಿ ಕಡಿಮೆ. ಮರುವರ್ಷವೇ ಬೆಂಟ್ಲಿಯ ಕೆ-ಡಿ ಮರ ಬಂತು: ಒಮ್ಮೆ ಪೂರ್ವ-ಪಶ್ಚಿಮವಾಗಿ ಸೀಳು, ಮತ್ತೊಮ್ಮೆ ಉತ್ತರ-ದಕ್ಷಿಣವಾಗಿ. ಅದನ್ನು ಕಂಡುಹಿಡಿದಾಗ ಅವರಿನ್ನೂ ಸ್ಟ್ಯಾನ್‌ಫರ್ಡ್‌ನಲ್ಲಿ ಪದವಿ ಓದುತ್ತಿದ್ದ ಹುಡುಗ!

ಈ ಮರಗಳ ಸೊಗಸು ಇರುವುದು ಬಿಟ್ಟುಬಿಡುವುದರಲ್ಲಿ. ಗೊರೂರಿನ ಸುತ್ತ 25 ಕಿಲೋಮೀಟರಿನ ಹಳ್ಳಿಗಳು ಬೇಕೆನ್ನಿ. ಉತ್ತರದ 57ಸಿ, ಪಶ್ಚಿಮದ 48ಪಿ ಹಾಳೆಗಳನ್ನೂ ನೋಡಲೇಬೇಕು. ಬೆಂಗಳೂರಿನ ಹಾಳೆಗಳನ್ನು ಮುಟ್ಟುವ ಹಾಗೇ ಇಲ್ಲ. ಮರವೂ ಸಂಬಂಧವಿಲ್ಲದ ಕೊಂಬೆಗೆ ಇಳಿಯುವುದೇ ಇಲ್ಲ.

ತೊಡಕು ಬಂದದ್ದು ಡೇಟಾಬೇಸಿನಲ್ಲಿ. ಈ ಮರಗಳು ಒಂದು ಕಡೆ ಆಳ, ಇನ್ನೊಂದು ಕಡೆ ಗಿಡ್ಡ. ಕವಲೊಡೆಯುವ ಒಂದೊಂದು ಗಂಟಿಗೂ (ನೋಡ್) ಡಿಸ್ಕಿನ ಬೇರೆ ಬೇರೆ ಪುಟ ಓದಬೇಕಾದರೆ ವೇಗವೆಲ್ಲ ಮಣ್ಣುಪಾಲು. ಸಾಲದ್ದಕ್ಕೆ ಪ್ರತಿ ಮರಕ್ಕೂ ಪುಟ ನಿರ್ವಹಣೆ, ಬೀಗ, ಕರೆಂಟು ಹೋದಾಗಿನ ಚೇತರಿಕೆ, ಎಲ್ಲವನ್ನೂ ಹೊಸದಾಗಿ ಬರೆಯಬೇಕು. 1995ರಲ್ಲಿ ಹೆಲ್ಲರ್‌ಸ್ಟೈನ್, ನಾಟನ್, ಫೆಫರ್ ಎಂಬ ಮೂವರು ಜಿಸ್ಟ್ ಎಂಬ ಸಾಮಾನ್ಯ ಚೌಕಟ್ಟು ಕೊಟ್ಟರು, ಆದರೆ ಅದು ಎಲ್ಲ ಕಡೆ ಸಮ ಆಳದ ಮರಗಳಿಗೆ.

ಪರ್ಡ್ಯೂ ವಿಶ್ವವಿದ್ಯಾಲಯದ ವಾಲಿದ್ ಅರೆಫ್ ಮತ್ತು ಇಹಾಬ್ ಇಲ್ಯಾಸ್ 2001ರಲ್ಲಿ ಬರೆದ ಎಸ್‌ಪಿ-ಜಿಸ್ಟ್ ಉಳಿದ ಮರಗಳಿಗೂ ಮನೆ ಕಟ್ಟಿತು. ಚಿಕ್ಕ ಗಂಟುಗಳನ್ನು ಒಂದೇ ಪುಟಕ್ಕೆ ಒತ್ತಿ ಜೋಡಿಸುವುದು ಚೌಕಟ್ಟಿನ ಕೆಲಸ. ಯಾವ ಕವಲಿಗೆ ಇಳಿಯಬೇಕು, ಪುಟ ತುಂಬಿದರೆ ಹೇಗೆ ಒಡೆಯಬೇಕು ಎಂದು ಹೇಳುವುದಷ್ಟೇ ಮರ ತಂದವರ ಕೆಲಸ. ಇಷ್ಟು ಚೆಂದದ ವಿಚಾರ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಧಿಕೃತ ಆವೃತ್ತಿ ಸೇರಲು ಹನ್ನೊಂದು ವರ್ಷ ಕಾಯಬೇಕಾಯಿತಲ್ಲ, ಅದೇ ಬೇಸರ. ಮಾಸ್ಕೋದ ತಿಯೋಡೋರ್ ಸಿಗಾಯೆವ್, ಒಲೆಗ್ ಬಾರ್ತುನೊವ್ ದುಡಿದು, 2012ರ 9.2 ಆವೃತ್ತಿಯಲ್ಲಿ ಅದು ಬಂತು. ಹೊಸ ಮರ ನೆಡುವವರು ಬರೆಯಬೇಕಾದ ಮುಖ್ಯ ಫಂಕ್ಷನ್‌ಗಳು ಬರೀ ಐದು.

ಈಗ ಹಾಸನ ಜಿಲ್ಲೆಯ ಹಳ್ಳಿಗಳ ಪಟ್ಟಿಗೆ ಅಕ್ಷಾಂಶ-ರೇಖಾಂಶ ಸೇರಿಸಿ ಒಂದು ಸಾಲಿನ ಆದೇಶ ಕೊಟ್ಟರೆ ಕ್ವಾಡ್‌ಟ್ರೀ ಸಿದ್ಧ. ಹೆಸರಿನ ಕಾಲಮ್ಮಿಗೆ ಇನ್ನೊಂದು ಸಾಲು ಕೊಟ್ಟರೆ ಅದೇ ಚೌಕಟ್ಟು ಅಕ್ಷರಗಳನ್ನೇ ಕವಲು ಮಾಡಿಕೊಂಡು, ‘ಗೊರೂ’ ಎಂದು ಶುರುವಾಗುವ ಊರುಗಳನ್ನೆಲ್ಲ ಹುಡುಕಿ ಕೊಡುತ್ತದೆ.