ಗಾಳಿಗೆ ಮುಂಚೆ ಕಬ್ಬಿಗೆ ಆಸರೆ

(ಸಭಾಸದರ ಮೇಳಾವದಲ್ಲಿ ಮಾಡಿದ ಭಾಷಣ)



ಆಡಸಾಲಿ ಕಬ್ಬು ಎರಡನೆಯ ಮಳೆಗಾಲ ಕಳೆದು ಎತ್ತರಕ್ಕೆ ನಿಂತಿರುವಾಗಲೇ ನಮ್ಮ ಭಾಗಕ್ಕೆ ಹಿಂಗಾರಿ ಗಾಳಿಮಳೆಯ ಭಯ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಂಡೆ ದಾಟಿದ ವಾಯುಭಾರ ಕುಸಿತವು ಮರುದಿನವೇ ಸೊಲ್ಲಾಪುರ ಜಿಲ್ಲೆಯಲ್ಲಿ ಭಾರಿ ಮಳೆ ಸುರಿಸಿದ್ದು ತಮಗೆ ನೆನಪಿರಬಹುದು. ನಮಗೆ ಸಿಗುವ ಅವಧಿ ಅಷ್ಟೇ.

ಬರಿಯ ಗಾಳಿಯೊಂದೇ ಕಬ್ಬನ್ನು ಕೆಡವುವುದಿಲ್ಲ. ನೆಲ ನೆನೆದು ಬೇರಿನ ಹಿಡಿತ ಸಡಿಲಾದಾಗ ಕಬ್ಬು ತನ್ನ ಭಾರಕ್ಕೇ ಒರಗುತ್ತದೆ. ಆದುದರಿಂದ ಹವಾಮಾನ ಖಾತೆಯ ಮುನ್ಸೂಚನೆ ಬಂದ ಕೂಡಲೇ ನೀರು ಹಾಯಿಸುವುದನ್ನು ನಿಲ್ಲಿಸಿರಿ. ಪಾಳಿ ತಪ್ಪೀತೆಂದು ಕರಿಮಣ್ಣಿನ ಹೊಲ ತೋಯಿಸಬೇಡಿರಿ. ಬಸಿಗಾಲುವೆಯ ಬಾಯಿ ತೆರೆದಿಡಿರಿ.

ಕೆಳಗಿನ ಒಣ ರವದಿಯನ್ನು ಹುರಿಯಂತೆ ಹೊಸೆದು ಅಕ್ಕಪಕ್ಕದ ಎರಡು ಸಾಲು ಕೂಡಿಸಿ ಕಟ್ಟಿರಿ. ಇಡೀ ಹೊಲ ಆಗದಿದ್ದರೆ ಗಾಳಿ ಬಡಿಯುವ ಅಂಚಿನ ಸಾಲುಗಳನ್ನಾದರೂ ಕಟ್ಟಿರಿ. ಹಸಿರೆಲೆ ಕಟ್ಟಿನಲ್ಲಿ ಸಿಕ್ಕಬಾರದು. ಸಕ್ಕರೆ ಹುಟ್ಟುವುದು ಅಲ್ಲಿಯೇ.

ಎಳೆಯ ಬೆಳೆಗೆ ಸಕಾಲದಲ್ಲಿ ಬುಡಕ್ಕೆ ಮಣ್ಣು ಏರಿಸಿರಿ. ತಡವಾಗಿ ಯುರಿಯಾ ಸುರಿದರೆ ಕಬ್ಬು ಮೆತ್ತಗೆ ಬೆಳೆದು ಬೇಗ ಬೀಳುತ್ತದೆ.

ಬಿದ್ದ ಕಬ್ಬಿನ ಗಣ್ಣುಗಳಲ್ಲಿ ಬೇರು, ಮೊಳಕೆ ಒಡೆಯುತ್ತವೆ, ಇಲಿ ಕಡಿಯುತ್ತದೆ, ತೂಕ, ಉತಾರ ಎರಡೂ ಇಳಿಯುತ್ತವೆ. ಕಟಾವಿನವರ ಕೆಲಸವೂ ತಡವಾಗುತ್ತದೆ. ಹಾಗೇನಾದರೂ ಬಿದ್ದರೆ ನಿಂತ ನೀರು ಹೊರಹಾಕಿ, ಗಟ್ ನಂಬರು ಸಹಿತ ಶೇತಕಿ ವಿಭಾಗಕ್ಕೆ ತಿಳಿಸಿರಿ.

ಕೊನೆಯ ಮಾತು: ಗಾಳಿ, ಸಿಡಿಲು ಎದ್ದ ಮೇಲೆ ಕಟ್ಟಲು ಹೋಗಬೇಡಿರಿ; ಗಿಡದ ಕೆಳಗೆ ನಿಲ್ಲಬೇಡಿರಿ; ಹರಿದು ಬಿದ್ದ ವಿದ್ಯುತ್ ತಂತಿಯ ಹತ್ತಿರ ಸುಳಿಯಬೇಡಿರಿ. ಕಬ್ಬು ಮತ್ತೆ ಬೆಳೆದೀತು, ಮನೆಯ ಯಜಮಾನ ಮತ್ತೆ ಬಾರನು.