ಅಂಗಡಿ ಬಂದ್, ಕಾಲ್ನಡಿಗೆ ಚಾಲೂ: ಟ್ಯೂಬಿಂಗನ್‌ನಲ್ಲಿ ಒಂದು ಭಾನುವಾರ

ಇವತ್ತು ನಿಮ್ಮನ್ನ ಜರ್ಮನಿಯ ಟ್ಯೂಬಿಂಗನ್ ಅನ್ನೋ ಊರಿಗೆ ಕರ್ಕೊಂಡು ಹೋಗ್ತೀನಿ. ನಾನು ಇಲ್ಲಿ ಬಯೋಕೆಮಿಸ್ಟ್ರಿಯಲ್ಲಿ ಮಾಸ್ಟರ್ಸ್ ಓದ್ತಿದ್ದೀನಿ. ಸ್ಟುಟ್‌ಗಾರ್ಟ್‌ನಿಂದ ರೈಲಲ್ಲಿ ಸುಮಾರು ಒಂದು ಗಂಟೆ, ನೆಕ್ಕರ್ ನದಿ ದಂಡೆಯ ಊರು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ನಮ್ಮ ಕಡೆ ಆಗ ಕೃಷ್ಣದೇವರಾಯ ಪಟ್ಟಕ್ಕೆ ಬರೋಕೆ ಇನ್ನೂ ಮೂವತ್ತು ಚಿಲ್ಲರೆ ವರ್ಷ ಇತ್ತು!

ವಿದೇಶದಲ್ಲಿ ಓದೋದು ಅಂದ್ರೆ ಇನ್‌ಸ್ಟಾಗ್ರಾಂನಲ್ಲಿ ಕಾಣೋದು ಕೋಟೆ, ಹಿಮ, ಕಾಫಿ. ಕಾಣದೇ ಇರೋದು ಲೆಕ್ಕ. ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ ನಾನು ಇಟ್ಟದ್ದು 11,904 ಯೂರೋ. ಅದು ತಿಂಗಳಿಗೆ 992ರಂತೆ ಕೈಗೆ ಬರುತ್ತೆ. ಈ ರಾಜ್ಯದಲ್ಲಿ ಯುರೋಪಿನ ಒಕ್ಕೂಟದ ಹೊರಗಿನಿಂದ ಬಂದವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು ಬೇರೆ. ಹಾಗಾಗಿ ತಲೆಯೊಳಗೆ ಒಂದು ಕ್ಯಾಲ್ಕುಲೇಟರ್ ಸದಾ ಓಡ್ತಾ ಇರುತ್ತೆ, ಕಂಡದ್ದನ್ನೆಲ್ಲ ನೂರರಿಂದ ಗುಣಿಸು ಅಂತ. ಹಣ ಮಾತ್ರ ಅಲ್ಲ, ಹೊತ್ತಿಗೂ ಅದೇ ಲೆಕ್ಕ. ಅಪ್ಪ ಬ್ಯಾಂಕ್ ಸಾಲಕ್ಕೆ ಸಹಿ ಹಾಕಿರೋವಾಗ ಮಗು ಸುಮ್ಮನೆ ಊರು ಸುತ್ತುತ್ತಿದೆ ಅಂದ್ರೆ ಏನೋ ಕದ್ದ ಹಾಗೆ ಅನ್ನಿಸುತ್ತೆ. ನನ್ನ ಮೊದಲ ಸೆಮಿಸ್ಟರ್ ಗುಡ್ಡದ ಮೇಲಿನ ಹಾಸ್ಟೆಲ್, ಬಸ್ಸು, ಲ್ಯಾಬು, ಕ್ಯಾಂಟೀನು, ಇಷ್ಟರಲ್ಲೇ ಕಳೀತು.

ಆದರೆ ಭಾನುವಾರ ಇಲ್ಲಿ ಬೇರೆಯದೇ ಕಥೆ. ಸೂಪರ್‌ಮಾರ್ಕೆಟ್, ಬಟ್ಟೆ ಅಂಗಡಿ ಎಲ್ಲ ಬಂದ್. ಭಾನುವಾರ ವಿಶ್ರಾಂತಿಯ ದಿನ ಅಂತ ಜರ್ಮನಿಯ ಸಂವಿಧಾನದಲ್ಲೇ ಇದೆ. ಶನಿವಾರ ಹಾಲು ತರೋದು ಮರೆತ್ರೆ ಸೋಮವಾರದವರೆಗೆ ಬ್ಲ್ಯಾಕ್ ಟೀನೇ ಗತಿ. ಬೆಂಗಳೂರಿಂದ ಬಂದವರಿಗೆ ಇದು ಮೊದಮೊದಲು ಶಿಕ್ಷೆ. ಆಮೇಲೆ ಗೊತ್ತಾಗುತ್ತೆ, ಖರ್ಚು ಮಾಡೋಕೆ ಜಾಗವೇ ಇಲ್ಲದ ಊರಲ್ಲಿ ತಿರುಗಾಡೋದು ಬಹಳ ಅಗ್ಗ ಅಂತ!

ಹಾಗೆ ಒಂದು ಭಾನುವಾರ ಕೆಳಗಿಳಿದೆ. ಬೆಳಿಗ್ಗೆ ತೆರೆದಿದ್ದ ಒಂದು ಬೇಕರಿಯಲ್ಲಿ ಒಂದು ಪ್ರೆಟ್ಜೆಲ್, ಒಂದು ಕಾಫಿ. ಕಾಫಿಗೆ ನನ್ನದೇ ಲೋಟ. ಯಾಕಂದ್ರೆ ಈ ಊರಲ್ಲಿ 2022ರಿಂದ ಬಿಸಾಡೋ ಕಪ್ಪಿಗೆ 50 ಸೆಂಟ್ ತೆರಿಗೆ ಇದೆ. ಪ್ಲಾಸ್ಟಿಕ್ ಮಾತ್ರ ಅಲ್ಲ, ಕಾಗದದ ಕಪ್ಪಿಗೂ. ಇಲ್ಲಿನ ಮ್ಯಾಕ್‌ಡೊನಾಲ್ಡ್ಸ್ ನಡೆಸೋರು ಕೋರ್ಟಿಗೆ ಹೋದ್ರು, ಕೇಸು ದೇಶದ ಸಾಂವಿಧಾನಿಕ ನ್ಯಾಯಾಲಯದವರೆಗೂ ಹೋಯ್ತು, ಊರೇ ಗೆದ್ದಿತು. ನನಗೆ ಪರಿಸರ ಪ್ರೇಮಕ್ಕಿಂತ ಆ 50 ಸೆಂಟೇ ದೊಡ್ಡದು, ಆ ಮಾತು ಬೇರೆ.

ನದಿಯ ನಡುವೆ ಒಂದು ಉದ್ದನೆಯ ದ್ವೀಪ ಇದೆ, ಎರಡೂ ಕಡೆ ಮುದಿ ಪ್ಲೇನ್ ಮರಗಳ ಸಾಲು. ಎದುರು ದಂಡೆಯಲ್ಲಿ ಹಳದಿ ಗೋಪುರದ ಮನೆ. ಕವಿ ಹೋಲ್ಡರ್ಲಿನ್ ಮನಸ್ಸಿನ ಕಾಯಿಲೆ ಬಂದ ಮೇಲೆ 1807ರಿಂದ 1843ರಲ್ಲಿ ಸಾಯೋವರೆಗೆ ಅಲ್ಲೇ ಇದ್ದ. ಮೂವತ್ತಾರು ವರ್ಷ! ನೋಡಿಕೊಂಡದ್ದು ಒಬ್ಬ ಬಡಗಿಯ ಮನೆಯವರು. ಆ ಗೋಪುರದ ಕೆಳಗೇ ಈಗ ಹುಡುಗರು ಉದ್ದದ ಕೋಲು ಊರಿ ಚಪ್ಪಟೆ ದೋಣಿ ನಡೆಸ್ತಾರೆ. ವರ್ಷಕ್ಕೊಮ್ಮೆ ಈ ದೋಣಿಗಳ ಪಂದ್ಯ ಆಗುತ್ತೆ. ಸೋತ ತಂಡ ಮೀನೆಣ್ಣೆ ಕುಡೀಬೇಕು.

ದ್ವೀಪದ ಬೆಂಚಲ್ಲಿ ಕೂತಿದ್ದೆ. ಒಬ್ಬರು ಅಜ್ಜಿ ಬಂದು ಪಕ್ಕದಲ್ಲಿ ಕೂತು ಮಾತು ಶುರು ಮಾಡಿದ್ರು. ನನಗೆ ಅರ್ಧಕ್ಕರ್ಧ ತಿಳೀಲಿಲ್ಲ. ಬೆಂಗಳೂರಿನ ಕ್ಲಾಸಲ್ಲಿ ಕಲಿತದ್ದು ‘ಇಸ್ಟ್’, ಇಲ್ಲಿನವರ ಶ್ವೇಬಿಶ್ ಮಾತಲ್ಲಿ ಅದು ‘ಇಶ್’. ಯಾವ ಪದಕ್ಕಾದ್ರೂ ಕೊನೆಗೆ ಒಂದು ‘ಲೆ’ ಅಂಟಿಸಿ ಮುದ್ದು ಮಾಡ್ತಾರೆ. ಪಠ್ಯಪುಸ್ತಕದ ಕನ್ನಡ ಕಲಿತು ಸೀದಾ ಹುಬ್ಬಳ್ಳಿ ಬಸ್‌ಸ್ಟ್ಯಾಂಡಲ್ಲಿ ಇಳಿದವರ ಪಾಡು. ಅಜ್ಜಿ ಬೇಜಾರಾಗದೆ ಇನ್ನೊಮ್ಮೆ ನಿಧಾನಕ್ಕೆ ಹೇಳಿದ್ರು. ಅವರು ಕೇಳಿದ್ದು ಇಷ್ಟೇ: “ಚಳಿ ಆಗಲ್ವಾ ನಿನಗೆ?” ಆರು ತಿಂಗಳಲ್ಲಿ ಲ್ಯಾಬಿನ ಹೊರಗೆ ಯಾರಾದರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಹುಬ್ಬಳ್ಳಿ ನೆನಪಾಗೋಕೆ ಇನ್ನೊಂದು ಕಾರಣವೂ ಇದೆ. ನಮ್ಮ ನಿಘಂಟಿನ ಕಿಟೆಲ್ ಕೊನೆಗಾಲ ಕಳೆದದ್ದು ಇದೇ ಊರಲ್ಲಿ. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಬಂದು, ಧಾರವಾಡ, ಮಂಗಳೂರು, ಮಡಿಕೇರಿ ಅಂತ ಓಡಾಡಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮುಗಿಸಿದ ಮನುಷ್ಯ. 1896ರಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಇಲ್ಲೇ ತೀರಿಕೊಂಡರು. ಅವರ ಹುಟ್ಟೂರು ಉತ್ತರ ಸಮುದ್ರದ ಕಡೆ. ಅಂದ್ರೆ ಈ ‘ಇಶ್’ ಅವರ ಕಿವಿಗೂ ಹೊರಗಿನದೇ ಇರಬೇಕು. ಬೆಂಚಲ್ಲಿ ಕೂತು ಹಾಗೆ ಅಂದ್ಕೊಂಡಾಗ ಸ್ವಲ್ಪ ಧೈರ್ಯ ಬಂತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಹಳೇ ಪೇಟೆಗೆ ಹತ್ತಿದೆ. ಚರ್ಚಿನ ಬಳಿ ಒಂದು ಕಟ್ಟಡದ ಮೇಲೆ ಮಹಾಕವಿ ಗಯಟೆ ಇಲ್ಲಿ ತಂಗಿದ್ದ ಅಂತ ಫಲಕ. ಪಕ್ಕದ ಕಟ್ಟಡದಲ್ಲಿ ಇನ್ನೊಂದು: ‘ಗಯಟೆ ಇಲ್ಲಿ ವಾಂತಿ ಮಾಡಿದ.’ ಯಾವ ಊರಾದರೇನು, ಸ್ಟೂಡೆಂಟ್ಸ್ ಸ್ಟೂಡೆಂಟ್ಸೇ! ಹತ್ತಿರದಲ್ಲೇ ಹರ್ಮನ್ ಹೆಸ್ಸೆ ಹುಡುಗನಾಗಿದ್ದಾಗ ಕೆಲಸ ಕಲಿತ ಪುಸ್ತಕದಂಗಡಿ. ಅವನ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಅಜ್ಜ ಗುಂಡರ್ಟ್ ಮಾಡಿದ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಲ್ಲಿ.

ಕೊನೆಗೆ ಕೋಟೆ. ನನ್ನ ಮಟ್ಟಿಗೆ ಇಡೀ ದಿನದ ತೂಕ ಇದ್ದದ್ದು ಇಲ್ಲೇ. ಈ ಕೋಟೆಯ ಹಳೇ ಅಡುಗೆಮನೆ ಹತ್ತೊಂಬತ್ತನೇ ಶತಮಾನದಲ್ಲಿ ಲ್ಯಾಬ್ ಆಗಿತ್ತು. 1869ರಲ್ಲಿ ಫ್ರೀಡ್ರಿಶ್ ಮೀಷರ್ ಅನ್ನೋ ಇಪ್ಪತ್ತೈದರ ಆಸುಪಾಸಿನ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳಿಂದ ಕೀವು ತೊಳೆದು ತೆಗೆದು, ಅದರ ಜೀವಕೋಶಗಳಲ್ಲಿ ಒಂದು ಹೊಸ ವಸ್ತು ಕಂಡುಹಿಡಿದ. ‘ನ್ಯೂಕ್ಲೀನ್’ ಅಂತ ಹೆಸರಿಟ್ಟ. ನಾವು ಇವತ್ತು ಡಿಎನ್‌ಎ ಅನ್ನೋದು ಅದನ್ನೇ. ನಾನು ವಾರಕ್ಕೆ ಮೂರು ಸಲ ಕಿಟ್ ತೆರೆದು, ಟ್ಯೂಬಿಗೆ ಸುರಿದು, ಅರ್ಧ ಗಂಟೆಯಲ್ಲಿ ಡಿಎನ್‌ಎ ತೆಗೀತೀನಿ. ಅದು ಶುರುವಾದ ಕೋಣೆಯಲ್ಲಿ ದಪ್ಪ ಕಲ್ಲಿನ ಕಮಾನು, ಆಳದ ಕಿಟಕಿ, ತಂಪು. ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಮೇಲಿನ ಮ್ಯೂಸಿಯಂನಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ, ಐದು ಸೆಂಟಿಮೀಟರೂ ಇಲ್ಲ, ಸುಮಾರು 40,000 ವರ್ಷ ಹಳೇದು. ಕತ್ತು ಬಾಗಿಸಿ ನಿಂತಿರೋ ಠೀವಿ ಮಾತ್ರ ಈಗ ತಾನೇ ಕೆತ್ತಿದ ಹಾಗಿದೆ.

ಇಳಿಯೋ ಹೊತ್ತಿಗೆ ಅಪ್ಪನ ಫೋನು. “ಏನ್ ಮಾಡ್ತಿದ್ಯಾ?” ಅಂದ್ರು. “ಏನೂ ಇಲ್ಲಪ್ಪ, ಊರು ಸುತ್ತುತಾ ಇದೀನಿ” ಅಂದೆ. ಒಂದು ಕ್ಷಣ ಸುಮ್ಮನಿದ್ದು, “ಕ್ಯಾಮೆರಾ ತಿರುಗ್ಸು, ನಾನೂ ನೋಡ್ತೀನಿ” ಅಂದ್ರು. ಕುದುರೆ ಸಿಗಲಿಲ್ಲ, ನದಿ ಸಿಕ್ತು. ದೋಣಿ ಹುಡುಗರನ್ನ ನೋಡಿ, ಆ ಕೋಲು ಎಷ್ಟು ಉದ್ದ ಅಂತ ಕೇಳಿದ್ರು.

ಮುಂದಿನ ಭಾನುವಾರ ಕಾಡಿನ ದಾರಿ ಹಿಡಿದು ಬೇಬನ್‌ಹೌಸನ್‌ನ ಹಳೇ ಮಠದವರೆಗೆ ನಡೆದು ಹೋಗೋ ಪ್ಲಾನ್ ಇದೆ. ಅಪ್ಪನಿಗೆ ಈಗಲೇ ಟೈಮ್ ಹೇಳಿ ಇಟ್ಟಿದ್ದೀನಿ.